ಬೆಳಗಿನ ಎಂಟರ ಗುಳಿಗೆ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಖಾಪರಖೇಡಾದಿಂದ ಒಬ್ಬ ಇಂಜಿನಿಯರ್ ನಮ್ಮ ಪತ್ರಿಕೆಯ ಕಚೇರಿಗೆ ಬಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಎರಡು ಡಿಸ್ಚಾರ್ಜ್ ಕಾರ್ಡ್, ಸುರುಳಿಯಾದ ಇಸಿಜಿ ಕಾಗದಗಳು, ಹತ್ತು ಗುಳಿಗೆಗಳ ಒಂದು ಸ್ಟ್ರಿಪ್. ಸ್ಟ್ರಿಪ್ಪಿನಲ್ಲಿ ನಾಲ್ಕು ಖಾಲಿ, ಆರು ಉಳಿದಿವೆ ಎಂದು ಬರೆದುಕೊಂಡೆ. ಎದುರಿಗೆ ಬಂದ ವಸ್ತುವನ್ನು ಮೊದಲು ಎಣಿಸಿ ಬರೆಯುವುದು ನಮ್ಮಲ್ಲಿ ರೂಢಿ.

ನಾನು ಕನ್ನಡದವಳು ಎಂದು ಯಾರೋ ಹೇಳಿ ಅವರನ್ನು ನನ್ನ ಬಳಿ ಕಳಿಸಿದ್ದರು. ನಮ್ಮದು ಹಿಂದಿ ದಿನಪತ್ರಿಕೆ. ನಾನು ಆರೋಗ್ಯ ಮತ್ತು ಆಸ್ಪತ್ರೆಗಳ ಸುದ್ದಿ ನೋಡುತ್ತೇನೆ. ಅವರು ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಇಂಜಿನಿಯರ್, ಮೂಲ ವಿಜಯಪುರದ ಕಡೆಯವರು. ತಂದೆ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು; ತಾಯಿಯೂ ಅವರೂ ಈಗ ಮಗನ ಕ್ವಾರ್ಟರ್ಸ್‌ನಲ್ಲೇ ಇದ್ದಾರೆ.

ಮಗ ಹೇಳಿದ್ದು ಇಷ್ಟು. ತಂದೆಯ ಎದೆಬಡಿತ ಏರುಪೇರಾಗಿ ಇಲ್ಲಿನ ರಾಮದಾಸಪೇಠಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿ ಬಡಿತವನ್ನು ತಗ್ಗಿಸುವ ಗುಳಿಗೆ ಶುರುಮಾಡಿದರು: ಮೆಟೊಪ್ರೊಲಾಲ್ ಐವತ್ತು ಮಿಲಿಗ್ರಾಂ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದು, ಬೆಳಿಗ್ಗೆ ಅರ್ಧ. ಮನೆಗೆ ಬಂದ ಮೊದಲ ಎರಡು ಬೆಳಿಗ್ಗೆ ತಲೆಸುತ್ತು. ಮೂರನೆಯ ಬೆಳಿಗ್ಗೆ ಗುಳಿಗೆ ನುಂಗಿದ ಒಂದು ಗಂಟೆಗೆ ನಾಡಿ ನಲವತ್ತಕ್ಕೆ ಇಳಿಯಿತು. ಮತ್ತೆ ಆಸ್ಪತ್ರೆ. ಅಲ್ಲಿ ಎರಡು ದಿನ ಅದೇ ಗುಳಿಗೆಯನ್ನು ಮಾನಿಟರ್ ಹಚ್ಚಿ ಕೊಟ್ಟರು, ಏನೂ ಆಗಲಿಲ್ಲ. ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಬಚ್ಚಲಮನೆಯಲ್ಲಿ ಬಿದ್ದರು, ಹಣೆಗೆ ಹೊಲಿಗೆ. ಅಲ್ಲಿಂದ ಗುಳಿಗೆ ನಿಲ್ಲಿಸಿದ್ದಾರೆ. ಈಗ ಎದೆ ಮತ್ತೆ ಡವಗುಟ್ಟಲು ಶುರುವಾಗಿದೆ.

"ದವಾಖಾನ್ಯಾಗ ಇದ್ದಾಗ ಏಕದಮ್ ಬರೋಬರ್, ಮ್ಯಾಡಮ್. ಮನಿಗೆ ಬಂದ್ರ ನಾಡಿ ಬೀಳತೈತಿ. ಮನಷ್ಯಾ ಅದೇ, ಗುಳಿಗಿ ಅದೇ. ಅಂಗಡಿ ಬ್ಯಾರೆ."

ಅಂಗಡಿಯೆಂದರೆ ಅವರ ಕಾಲನಿಯ ಮೆಡಿಕಲ್. ಅಲ್ಲಿ ನಕಲಿ ಔಷಧ ಮಾರುತ್ತಾರೆ ಎಂಬುದು ಅವರ ಆರೋಪ. ಔಷಧ ನಿರೀಕ್ಷಕರಿಗೆ ಲಿಖಿತ ದೂರನ್ನೂ ಕೊಟ್ಟಿದ್ದರು. ತರ್ಕದಲ್ಲಿ ನನಗೆ ತಕ್ಷಣಕ್ಕೆ ತೂತು ಕಾಣಲಿಲ್ಲ.

ಅಂದೇ ಮಧ್ಯಾಹ್ನ ಅವರೊಂದಿಗೆ ಮನೆಗೆ ಹೋದೆ. ತಂದೆ ಮಂಚದ ಮೇಲೆ ಕೂತಿದ್ದರು. ಹಣೆಗೆ ಪಟ್ಟಿ, ಒಂದು ಕಣ್ಣಿನ ಕೆಳಗೆ ನೀಲಿ. ಇನ್ನೊಮ್ಮೆ ಆಸ್ಪತ್ರೆಗೆ ಸೇರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮಾತಾಡಿದರು. ಗುಳಿಗೆ ಕೊಡುವವರು ಅವರು. ಮಗನ ಪಾಳಿ ಬದಲಾಗುತ್ತಿರುವುದರಿಂದ ಬೆಳಗಿನ ಎಂಟು ಗಂಟೆಯ ಕೆಲಸ ಅವರದೇ. ಫೋನಿನ ರೆಕಾರ್ಡರ್ ಒತ್ತಿ, ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಅವರು ಉತ್ತರಿಸುವಾಗ ಒಳಗೆ ಕುಕ್ಕರ್ ಕೂಗಿತು. ನಾನು ಪುಸ್ತಕದಲ್ಲಿ ಬರೆದುಕೊಂಡದ್ದು: 'ಅರ್ಧ ಕೊಡ್ತೀನಿ.' ಡಿಸ್ಚಾರ್ಜ್ ಕಾರ್ಡಿನಲ್ಲೂ ಅರ್ಧವೇ ಇತ್ತು. ಎರಡೂ ಹೊಂದುತ್ತವೆ ಎಂದು ಪಕ್ಕದಲ್ಲಿ ಗುರುತು ಹಾಕಿದೆ.

ಸಂಜೆ ಊರಿನ ವೈದ್ಯಕೀಯ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುವ ಪ್ರಾಧ್ಯಾಪಕರನ್ನು ಕಂಡೆ. ಅವರು ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, ನಕಲಿ ಎಂಬ ಮಾತಿಗೆ ತಲೆಯಾಡಿಸಲಿಲ್ಲ. ನಕಲಿ ಗುಳಿಗೆಯಲ್ಲಿ ಸಾಮಾನ್ಯವಾಗಿ ಔಷಧ ಕಡಿಮೆ ಇರುತ್ತದೆ ಇಲ್ಲವೇ ಇರುವುದೇ ಇಲ್ಲ. ಹಾಗಿದ್ದರೆ ಬಡಿತ ಏರಬೇಕು. ಇಲ್ಲಿ ಇಳಿದಿದೆ. ಅಂದರೆ ಔಷಧ ಇದೆ, ಒಮ್ಮೆಲೇ ಹೆಚ್ಚು ಸಿಕ್ಕಿದೆ ಎಂದರು.

ಆಮೇಲೆ ಕಾಗದದ ಮೇಲೆ ಒಂದು ದೊಡ್ಡ ವೃತ್ತ ಬರೆದು ಒಳಗೆ ಚುಕ್ಕಿ ತುಂಬಿಸಿದರು. ನೋಡಲು ಇದು ಒಂದು ಗುಳಿಗೆ, ಆದರೆ ಒಳಗೆ ನೂರಾರು ಸಣ್ಣ ಕಾಳುಗಳಿವೆ, ಪ್ರತಿ ಕಾಳಿಗೂ ಒಂದು ತೆಳುವಾದ ಹೊದಿಕೆ. ಹೊಟ್ಟೆಗೆ ಹೋದ ಮೇಲೆ ಕಾಳುಗಳು ಚದುರುತ್ತವೆ, ಹೊದಿಕೆಯ ಮೂಲಕ ಔಷಧ ದಿನವಿಡೀ ಜಿನುಗುತ್ತದೆ. ನಡುವಿನ ಗೆರೆಯಲ್ಲಿ ಎರಡಾಗಿ ಮುರಿದರೆ ಕಾಳುಗಳಿಗೆ ಧಕ್ಕೆಯಿಲ್ಲ. ಹೊದಿಕೆಯೇ ಕೆಟ್ಟಿದ್ದರೆ ಇಡೀ ದಿನದ ಔಷಧ ಒಂದು ಗಂಟೆಯಲ್ಲಿ ರಕ್ತಕ್ಕೆ ಹೋಗುತ್ತದೆ. ವಯಸ್ಸಾದ ಹೃದಯ ಅದನ್ನು ತಡೆದುಕೊಳ್ಳುತ್ತದೆ ಎಂದು ಹೇಳಲಾಗದು. ಪ್ರತಿ ಸಲವೂ ಬರೀ ಹಣೆಗೆ ಹೊಲಿಗೆಯಲ್ಲೇ ಮುಗಿಯುವುದಿಲ್ಲ.

"ಅವರು ಹೇಗೆ ತೆಗೆದುಕೊಳ್ಳುತ್ತಾರೆ? ಅಗಿಯುತ್ತಾರಾ?" ಎಂದು ಕೇಳಿದರು.

ಇಲ್ಲ, ಅರ್ಧ ಮಾಡಿ ಕೊಡುತ್ತಾರೆ, ಕೇಳಿದ್ದೇನೆ ಎಂದೆ. ಹಾಗಾದರೆ ತಯಾರಿಕೆಯಲ್ಲೇ ದೋಷವಿರಬಹುದು, ಪರೀಕ್ಷೆ ಆಗದೆ ಹೇಳಲಾರೆ ಎಂದರು. ಸುದ್ದಿ ನಕಲಿಯಿಂದ ಕಳಪೆಗೆ ಬಂದು ನಿಂತಿತು.

ಬುಧವಾರ ಬೆಳಿಗ್ಗೆ ಮೆಡಿಕಲ್‌ಗೆ ಹೋದೆ. ಅಂಗಡಿಯವರು ಐವತ್ತು ದಾಟಿದ ಮರಾಠಿ ಗೃಹಸ್ಥ. ಮಾತು ಆಗಲೇ ಕಾಲನಿಯಲ್ಲಿ ಹರಡಿತ್ತು. ನಾನಿದ್ದ ಅರ್ಧ ಗಂಟೆಯಲ್ಲಿ ಬಂದವರು ಇಬ್ಬರೇ. ಒಬ್ಬರು ಬ್ಯಾಂಡೇಜ್ ಕೊಂಡರು, ಇನ್ನೊಬ್ಬರು ಹಿಂದೆ ಕೊಂಡಿದ್ದ ಔಷಧವನ್ನು ವಾಪಸು ತಂದಿದ್ದರು. ನಾನು ಕೇಳುವ ಮೊದಲೇ ಅಂಗಡಿಯವರು ಖರೀದಿ ರಸೀದಿಗಳನ್ನು ಹರಡಿದರು. ಅದೇ ಪೆಟ್ಟಿಗೆಯ ಸ್ಟ್ರಿಪ್ ಒಯ್ದ ಇನ್ನೂ ಮೂವರ ಹೆಸರು ಹೇಳಿದರು. ನಾನು ಇಬ್ಬರ ಮನೆಗೆ ಹೋಗಿ ವಿಚಾರಿಸಿದೆ. ಇಬ್ಬರಿಗೂ ತೊಂದರೆ ಇಲ್ಲ. ಇದನ್ನೂ ಬರೆಯುತ್ತೇನೆ ಎಂದು ಹಿಂತಿರುಗಿ ಬಂದು ಅಂಗಡಿಯವರಿಗೆ ತಿಳಿಸಿದೆ.

"ನೀವು 'ಆರೋಪ' ಅಂತ ಬರೆಯುತ್ತೀರಿ, ಮ್ಯಾಡಮ್. ಓದುವವರು 'ವಿಷ' ಅಂತ ಓದುತ್ತಾರೆ" ಎಂದರು.

ಔಷಧ ನಿರೀಕ್ಷಕರು ದೂರು ಬಂದಿರುವುದನ್ನು ಒಪ್ಪಿದರು. ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿಗೆ ವಾರಗಳು ಹಿಡಿಯುತ್ತವೆ ಎಂದರು. ಮಧ್ಯಾಹ್ನ ಮಗನ ಫೋನ್ ಬಂತು. ಹೃದ್ರೋಗ ತಜ್ಞರನ್ನು ಕಂಡು ಬಂದಿದ್ದರು. ಗುಳಿಗೆ ಇಲ್ಲದೆ ಬಿಡುವಂತಿಲ್ಲ, ನಾಳೆ ಬೆಳಿಗ್ಗೆಯಿಂದ ಮತ್ತೆ ಶುರುಮಾಡಿ; ಈ ಸಲವೂ ನಾಡಿ ಬಿದ್ದರೆ ಪೇಸ್‌ಮೇಕರ್ ಬಗ್ಗೆ ಯೋಚಿಸಬೇಕು ಎಂದಿದ್ದರಂತೆ. ಮಗ ರಾಮದಾಸಪೇಠಿನಲ್ಲೇ ಹೊಸ ಸ್ಟ್ರಿಪ್ ಕೊಂಡು ಮನೆಗೆ ತಂದುಕೊಟ್ಟಿದ್ದರು. ಇನ್ನು ಚಿಂತೆ ಇಲ್ಲ, ಅಸಲಿ ಮಾಲು ಎಂದರು.

ಮುಖ್ಯ ವರದಿಗಾರರು ಸುದ್ದಿಯನ್ನು ಮೊದಲ ಪುಟಕ್ಕೆ ತೆಗೆದುಕೊಂಡರು. ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ಆ ಪುಟ ಸಂಜೆ ಆರೂವರೆಗೆ ಮುಚ್ಚುತ್ತದೆ. ನಾಲ್ಕು ಮುಕ್ಕಾಲಿಗೆ ವರದಿ ಬರೆದು ಮುಗಿಸಿದೆ. ಉದ್ಧರಣ ಚಿಹ್ನೆಯೊಳಗೆ ಇಟ್ಟ ಪ್ರತಿ ಮಾತನ್ನೂ ಕಳಿಸುವ ಮೊದಲು ರೆಕಾರ್ಡಿಂಗ್‌ನಲ್ಲಿ ಮತ್ತೆ ಕೇಳಬೇಕು. ಬೇರೆ ಭಾಷೆಯಿಂದ ಹಿಂದಿಗೆ ತಂದ ಮಾತಾದರೆ ಎರಡು ಸಲ. ತಾಯಿಯ ಮಾತನ್ನು 'ಆಧೀ ಗೋಲಿ ದೇತೀ ಹೂಂ' ಎಂದು ಬರೆದಿದ್ದೆ. ಇಯರ್‌ಫೋನ್ ಹಾಕಿ ಕೇಳಿದೆ. ಕುಕ್ಕರಿನ ಸೀಟಿ ಇಳಿಯುವಾಗ ಅದರ ಕೆಳಗೆ ಇನ್ನೂ ಒಂದು ವಾಕ್ಯವಿತ್ತು.

"ಅರದ ಕೊಡ್ತೀನ್ರಿ. ಜೇನತುಪ್ಪದಾಗ ಕಲಿಸಿ ನೆಕ್ಕಸ್ತೀನಿ."

ಅರ್ಧ ಗುಳಿಗೆಯನ್ನು ಯಾರೂ ಜೇನುತುಪ್ಪದಲ್ಲಿ ಕಲೆಸಿ ನೆಕ್ಕಿಸುವುದಿಲ್ಲ. ಮತ್ತೆ ಕೇಳಿದೆ. ಅದು ಅರ್ಧವಲ್ಲ, ಅರದ. ನಮ್ಮ ಮನೆಯ ಕನ್ನಡ ಮೈಸೂರು ಕಡೆಯದು. ನಾವು ಅರೆದು ಎನ್ನುತ್ತೇವೆ. ವಿಜಯಪುರದವರ ಬಾಯಲ್ಲಿ ಅರೆದು ಎಂಬುದು ಅರದ ಆಗುತ್ತದೆ, ಅರ್ಧ ಎಂಬುದು ಅರ್ದ ಆಗುತ್ತದೆ. ನನಗೆ ಬೇಕಿದ್ದ ಉತ್ತರವೇ ನನ್ನ ಕಿವಿಗೆ ಬಿದ್ದಿತ್ತು.

ಪುಸ್ತಕದ ಮೊದಲ ಪುಟ ತೆಗೆದೆ. ನಾಲ್ಕು ಖಾಲಿ, ಆರು ಉಳಿದಿವೆ. ಮನೆಯಲ್ಲಿ ಗುಳಿಗೆ ಕೊಟ್ಟದ್ದು ನಾಲ್ಕು ಬೆಳಿಗ್ಗೆ. ದಿನಕ್ಕೆ ಅರ್ಧವಾದರೆ ಎರಡು ಖಾಲಿಯಾಗಬೇಕಿತ್ತು. ನಾನೇ ಎಣಿಸಿ, ನಾನೇ ಬರೆದು, ಎರಡು ದಿನ ಅದರ ಮೇಲೆ ಕೂತಿದ್ದೆ.

ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ. ಅರೆದರೆ ಏನಾಗುತ್ತದೆ ಎಂದು ಕೇಳಿದೆ. ಕಾಳುಗಳ ಹೊದಿಕೆಯೆಲ್ಲ ಒಡೆಯುತ್ತದೆ, ನಿಧಾನದ ಗುಳಿಗೆ ನಿಧಾನದ್ದಾಗಿ ಉಳಿಯುವುದಿಲ್ಲ ಎಂದರು. ಅದೂ ಇಡೀ ಗುಳಿಗೆ ಎಂದೆ. ಮುಂದಿನ ಗುಳಿಗೆ ಯಾವಾಗ ಎಂದು ಕೇಳಿದರು. ನಾಳೆ ಬೆಳಿಗ್ಗೆ ಎಂಟಕ್ಕೆ.

ಮೊದಲು ಮುಖ್ಯ ವರದಿಗಾರರ ಬಳಿ ಹೋಗಿ ವರದಿ ನಿಲ್ಲಿಸಿ ಎಂದೆ. ಪುಟವನ್ನು ಆಗಲೇ ಕಟ್ಟಿಯಾಗಿತ್ತು.

"ಒಂದು ಅಕ್ಷರಕ್ಕಾಗಿ ಮೊದಲ ಪುಟ ಬಿಚ್ಚೋದಾ? ದೂರು ಇದೆ, ಅಂಗಡಿಯವರ ಮಾತಿದೆ, ಇನ್ಸ್‌ಪೆಕ್ಟರ್ ಮಾತಿದೆ. ಯಾವ ಸಾಲು ಸುಳ್ಳು, ತೋರಿಸಿ."

ಯಾವ ಸಾಲೂ ಸುಳ್ಳಲ್ಲ, ಓದಿದವರು ನಂಬುವುದು ಮಾತ್ರ ಸುಳ್ಳಾಗುತ್ತದೆ ಎಂದೆ. ನಾಲ್ಕು ಬೆಳಿಗ್ಗೆ, ನಾಲ್ಕು ಗುಳಿಗೆಯ ಲೆಕ್ಕ ತೋರಿಸಿದೆ. ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಎರಡು ಸಲ ಓದಿದರು. ಹಾಗಾದರೆ ಆ ಜಾಗಕ್ಕೆ ಆರೂವರೆಯೊಳಗೆ ಬೇರೆ ಸುದ್ದಿ ನೀವೇ ಕೊಡಬೇಕು ಎಂದರು. ಒಪ್ಪಿದೆ.

ಆಮೇಲೆ ಖಾಪರಖೇಡಾಕ್ಕೆ ಫೋನ್ ಮಾಡಿದೆ. ಮಗ ಮಲಗಿದ್ದರೋ ಏನೋ, ಅವರ ಫೋನ್ ಬಂದ್ ಆಗಿತ್ತು. ತಾಯಿಯ ಫೋನ್ ಸಿಕ್ಕಿತು. ಸದ್ದು ಒಡೆದೊಡೆದು ಬರುತ್ತಿತ್ತು. ಗಟ್ಟಿಯಾಗಿ, ನಿಧಾನವಾಗಿ, ಗುಳಿಗೆಯನ್ನು ಅರ್ಧ ಮಾತ್ರ ಕೊಡಿ ಎಂದೆ.

"ಹ್ಞೂಂ ತಂಗಿ, ಅರದನ ಕೊಡ್ತೀನಿ. ಹೊಸಾ ಗುಳಿಗಿ ಬಂದಾವು."

ಅರ್ಧ, ಅರ್ಧ ಎಂದು ಮತ್ತೆ ಕೂಗಿದೆ. ಲೈನ್ ಕಡಿಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ. ಸುತ್ತಲಿನ ಮೇಜಿನವರು ನನ್ನ ಕಡೆ ನೋಡುತ್ತಿದ್ದರು. ಬೇರೆ ಪದ ಹುಡುಕುವ ಬದಲು ಅದೇ ಪದವನ್ನು ಇನ್ನೂ ಜೋರಾಗಿ ಹೇಳಿದ್ದೆ.

ಮಗನಿಗೆ ಸಂದೇಶ ಕಳಿಸಿದೆ: ಗುಳಿಗೆಯನ್ನು ಅರೆಯಬಾರದು, ಕೊಡುವ ಮೊದಲು ನನಗೆ ಫೋನ್ ಮಾಡಿ. ಒಂದೇ ಟಿಕ್ ಬಂತು. ಅವರಿಗೆ ಆ ವಾರ ರಾತ್ರಿ ಪಾಳಿ, ಕಂಟ್ರೋಲ್ ರೂಮಿಗೆ ಫೋನ್ ಒಯ್ಯುವಂತಿಲ್ಲ ಎಂದು ಅವರೇ ಹೇಳಿದ್ದರು. ಎಂಟರವರೆಗೆ ಸಮಯವಿದೆ ಎಂದು ಲೆಕ್ಕಹಾಕಿ ಬದಲಿ ಸುದ್ದಿ ಬರೆಯಲು ಕೂತೆ. ಅಂದೇ ಹೊರಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಗುರುವಾರ ಆರೂಮುಕ್ಕಾಲಿಗೆ ಸ್ಕೂಟರ್ ತೆಗೆದೆ. ಸಂದೇಶಕ್ಕೆ ಇನ್ನೂ ಒಂದೇ ಟಿಕ್. ಸ್ಥಾವರದ ಚಿಮಣಿಗಳು ಕಾಣುವಷ್ಟು ಹತ್ತಿರ ಹೋದಾಗ ರೈಲ್ವೆ ಗೇಟ್ ಹಾಕಿತ್ತು. ಕಲ್ಲಿದ್ದಲಿನ ಗಾಡಿ. ಅದು ನಡುವೆ ಒಮ್ಮೆ ನಿಂತೇಬಿಟ್ಟಿತು. ಏಳು ಮೂವತ್ತೊಂದಕ್ಕೆ ನಿಂತದ್ದು, ಏಳು ನಲವತ್ತೆರಡಕ್ಕೆ ಗೇಟ್ ತೆರೆಯಿತು. ಮನೆ ಮುಟ್ಟಿದಾಗ ಏಳು ಐವತ್ತು.

ಬಾಗಿಲು ತೆರೆದೇ ಇತ್ತು. ತಾಯಿ ಅಡುಗೆಮನೆಯ ನೆಲದ ಮೇಲೆ ಕೂತು ಕಲಬತ್ತದಲ್ಲಿ, ಅಂದರೆ ಅಂಗೈಯಗಲದ ಹಿತ್ತಾಳೆ ಕುಟ್ಟಾಣಿಯಲ್ಲಿ, ಏನೋ ಅರೆಯುತ್ತಿದ್ದರು. ಪಕ್ಕದಲ್ಲಿ ಜೇನಿನ ಬಾಟಲಿ, ಚಮಚ. ಹೊಸ ಸ್ಟ್ರಿಪ್ಪಿನಲ್ಲಿ ಒಂದು ಗುಳಿಗೆ ಇರಲಿಲ್ಲ. ಕಲಬತ್ತದ ತಳದಲ್ಲಿ ಬಿಳಿ ಪುಡಿ, ಹಿಟ್ಟಿನಷ್ಟು ನುಣ್ಣಗೆ.

ವರದಿಗೆ ಹೋದವರು ಕಂಡದ್ದನ್ನು ಬರೆಯಬೇಕು, ಅದರಲ್ಲಿ ಕೈ ಹಾಕಬಾರದು. ಔಷಧದ ವಿಷಯದಲ್ಲಂತೂ ಸಲಹೆ ಕೊಡಬಾರದು. ಇದು ನನಗೆ ಗೊತ್ತಿತ್ತು. ನಾನು ಕೂತು ಕಲಬತ್ತದ ಬಾಯಿಗೆ ಅಂಗೈ ಮುಚ್ಚಿದೆ.

"ಇದನ್ನು ಕೊಡಬೇಡಿ ಅಮ್ಮ. ಅವರು ಬೀಳುತ್ತಿರುವುದು ಇದರಿಂದಲೇ."

ಅವರು ನನ್ನ ಕೈಯನ್ನು ನೋಡಿದರು, ಆಮೇಲೆ ನನ್ನನ್ನು. ಸಿಟ್ಟು ಬಂದಿತ್ತು. ಅಂಗಡಿಯದು ಕೆಟ್ಟದ್ದಿತ್ತು, ಇದು ಹೊಸದು ಎಂದರು. ಹೊಸದೂ ಹಾಗೇ ಮಾಡುತ್ತದೆ ಎಂದೆ. ಔಷಧ ಅರೆದು ಕೊಡುವುದು ನನಗೇನು ಹೊಸದೇ, ಮೂರು ಬಾಣಂತನ ಮಾಡಿದವಳು ನಾನು ಎಂದರು.

"ಅರದ ಕೊಟ್ರ ಮೈಗೆ ಲಗೂ ಹತ್ತತೈತಿ, ತಂಗಿ."

"ಅದೇ ತೊಂದರೆ ಅಮ್ಮ. ಇದು ಬೇಗ ಹತ್ತಬಾರದು."

ಅವರು ಕುಟ್ಟುವ ಕೋಲನ್ನು ಕೆಳಗಿಟ್ಟರು. ಅರೆದು ಕೊಡಿ ಎಂದು ಯಾರು ಹೇಳಿದ್ದು ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆ ಅದು.

"ಮಗಾನ ಹೇಳ್ಯಾನ್ರಿ, ಫೋನಿನ್ಯಾಗ. ನಾ ತಿರುಗಿ ಕೇಳೀನಿ, ಅರದ ಕೊಡಲೇನೋ ಅಂತ. ಹ್ಞೂಂ, ಅರ್ದ ಕೊಡು ಅಂದ."

ಗಂಟೆ ಏಳು ಐವತ್ತಾರು. ಬರೆದುಕೊಂಡೆ.

ಡಿಸ್ಚಾರ್ಜ್ ಕಾರ್ಡಿನ ಮೇಲಿದ್ದ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿ, ಪಾಳಿಯಲ್ಲಿದ್ದ ವೈದ್ಯರಿಗೆ ಕಂಡದ್ದನ್ನು ಹೇಳಿದೆ. ಅವರು ಪ್ರಶ್ನೆಗಳನ್ನು ಕೇಳಿದರು, ನಾಡಿ ಎಣಿಸಿ ಹೇಳಲು ಹೇಳಿದರು. ನೂರಾಹತ್ತು ಇತ್ತು. ಹಿರಿಯ ವೈದ್ಯರನ್ನು ಕೇಳಿ ಹತ್ತು ನಿಮಿಷದಲ್ಲಿ ತಾವೇ ಫೋನ್ ಮಾಡಿದರು. ಹೊಸ ಗುಳಿಗೆಯನ್ನು ಗೆರೆಯ ಮೇಲೆ ಮುರಿದು ಒಂದು ಭಾಗ ನೀರಿನೊಂದಿಗೆ ನುಂಗಿಸಿ, ಅಗಿಯಬಾರದು, ಎರಡು ಗಂಟೆ ನಾಡಿ ನೋಡುತ್ತಿರಿ, ಅರವತ್ತಕ್ಕಿಂತ ಕೆಳಗೆ ಬಂದರೆ ತಕ್ಷಣ ಕರೆತನ್ನಿ ಎಂದರು. ಅವರು ಮರಾಠಿಯಲ್ಲಿ 'ಅರ್ಧೀ ಗೋಳೀ' ಎಂದದ್ದನ್ನು ನಾನು ಕನ್ನಡಕ್ಕೆ ತರುವಾಗ ಆ ಪದವನ್ನೇ ಬಿಟ್ಟೆ. ಎರಡು ತುಂಡು ಮಾಡಿ, ಒಂದು ತುಂಡು ಇವತ್ತಿಗೆ, ಒಂದು ತುಂಡು ನಾಳೆಗೆ ಎಂದೆ. ತಾಯಿ ಉಗುರನ್ನು ಗೆರೆಗೆ ಒತ್ತಿ ಟಕ್ಕೆಂದು ಮುರಿದರು.

ತುಂಡು ಅಂಗೈಗೆ ಬಂದಾಗ ತಂದೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟ ವರ್ಷ ಮಂದಿಗೆ ಹರದ ಕೊಟ್ಟೆ. ಈಗ ನನಗ ಅರ್ದ ಟಿಕೀಟ."

ಅವರು ನುಂಗಿದರು. ಎಂಟು ಇಪ್ಪತ್ತು.

ಹಿಂದಿನ ಸಲಗಳಲ್ಲಿ ನಾಡಿ ಬಿದ್ದದ್ದು ಒಂದು ಗಂಟೆಯ ಸುತ್ತಮುತ್ತ. ನಾನು ಕಾಲು ಗಂಟೆಗೊಮ್ಮೆ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. ಎಂಟು ಐವತ್ತಕ್ಕೆ ನೂರಾಎಂಟು. ಒಂಬತ್ತೂ ಐದಕ್ಕೆ ನೂರಾಎರಡು. ಒಂಬತ್ತೂ ಇಪ್ಪತ್ತಕ್ಕೆ ಅವರು ಬಚ್ಚಲಿಗೆ ಹೋಗಬೇಕೆಂದರು. ತಾಯಿ ಬೇಡ ಎಂದು ಎದ್ದು ಅಡ್ಡ ನಿಂತರು. ಕೊನೆಗೆ ನಾವಿಬ್ಬರೂ ಒಂದೊಂದು ತೋಳು ಹಿಡಿದು ಕರೆದೊಯ್ದು, ಬಾಗಿಲ ಹೊರಗೆ ನಿಂತೆವು. ಒಳಗೆ ನೀರು ಸುರಿಯುವ ಸದ್ದು ನಿಂತಾಗ ತಾಯಿ ಬಾಗಿಲಿಗೆ ಕೈ ಇಟ್ಟರು. ಅವರು ತಾವಾಗಿ ಹೊರಗೆ ಬಂದರು. ಒಂಬತ್ತೂ ಮೂವತ್ತೈದಕ್ಕೆ ತೊಂಬತ್ತಾರು. ಹತ್ತೂ ಇಪ್ಪತ್ತಕ್ಕೆ ತೊಂಬತ್ತೆರಡು, ಲಯ ಇನ್ನೂ ಏರುಪೇರು, ಆದರೆ ತಲೆಸುತ್ತಿಲ್ಲ. ಎರಡು ಗಂಟೆ ಆಯಿತೆಂದು ವೈದ್ಯರಿಗೆ ತಿಳಿಸಿದೆ. ಹೀಗೆಯೇ ಮುಂದುವರಿಸಿ, ಸಂಜೆ ಒಮ್ಮೆ ತೋರಿಸಿ ಎಂದರು.

ಹತ್ತೂ ಇಪ್ಪತ್ತೈದಕ್ಕೆ ಮಗ ಬಂದರು. ಪಾಳಿ ಬಿಡಿಸುವವರು ತಡವಾಗಿ ಬಂದಿದ್ದರಂತೆ. ಗೇಟಿನ ಹೊರಗೆ ಫೋನ್ ಹಚ್ಚಿದಾಗ ನನ್ನ ಸಂದೇಶ ಓದಿ ಓಡಿಬಂದಿದ್ದರು. ನಾನು ನಡೆದದ್ದನ್ನು ಕ್ರಮವಾಗಿ ಹೇಳಿದೆ. ಅವರು ಕಲಬತ್ತದೊಳಗಿನ ಪುಡಿಯನ್ನು ನೋಡಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ಯವ್ವಾ, ಅವತ್ತ ಫೋನಿನ್ಯಾಗ ನೀ ತಿರುಗಿ ಏನೋ ಕೇಳಿದ್ದಿ, ಹೌದಲ್ಲೋ? ನಾ ಹ್ಞೂಂ ಅಂದೆ."

"ಇಲ್ಲಪಾ, ನಾ ಏನೂ ಕೇಳಿಲ್ಲ. ನೀ ಬರೋಬರ್ ಅರ್ದ ಅಂತನ ಅಂದಿದ್ದಿ. ನನ್ನ ಕಿವಿ ಮಂದ ಆಗ್ಯಾವ."

ಇಷ್ಟು ಹೇಳಿ ಕಲಬತ್ತವನ್ನು ತೊಳೆಯಲು ಒಯ್ದರು. ನನ್ನ ಕಡೆ ನೋಡಲಿಲ್ಲ. ಇದನ್ನೂ ಬರೆದುಕೊಂಡೆ. ಹತ್ತೂ ನಲವತ್ತು.

ಮಗ ಅಂದೇ ಮಧ್ಯಾಹ್ನ ದೂರನ್ನು ವಾಪಸು ಪಡೆದು ಮೆಡಿಕಲ್‌ಗೆ ಹೋಗಿ, ಇದ್ದ ಗಿರಾಕಿಗಳ ಮುಂದೆಯೇ ತಪ್ಪು ತಮ್ಮ ಮನೆಯದು ಎಂದು ಹೇಳಿ ಬಂದರು. ಇದನ್ನು ನನಗೆ ಹೇಳಿದವರು ಅಂಗಡಿಯವರು. ಆಗ ಎಷ್ಟು ಗಿರಾಕಿಗಳಿದ್ದರು ಎಂದು ಕೇಳಿದೆ. ಮೂವರು ಎಂದರು.

ಸಂಜೆ ನಾನು ಬೇರೆಯೇ ವರದಿ ಬರೆದೆ. ಒಳಪುಟಕ್ಕೆ, ಯಾರ ಹೆಸರೂ ಇಲ್ಲದೆ, ಯಾವ ಬಗೆಯ ಗುಳಿಗೆಯನ್ನು ಏಕೆ ಅರೆಯಬಾರದು, ಅಗಿಯಬಾರದು ಎಂಬುದರ ಬಗ್ಗೆ. ಅದರಲ್ಲಿ, ವೈದ್ಯರ ಸೂಚನೆ ಮನೆಗೆ ತಪ್ಪಾಗಿ ತಲುಪಿತು ಎಂಬ ಒಂದು ವಾಕ್ಯವಿತ್ತು. ಮುಖ್ಯ ವರದಿಗಾರರು ಅದರ ಕೆಳಗೆ ಗೆರೆ ಎಳೆದರು.

"ತಪ್ಪು ಹೇಳಿದ್ದು ಯಾರು, ತಪ್ಪು ಕೇಳಿದ್ದು ಯಾರು?"

ಎರಡು ಹೇಳಿಕೆಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ, ಖಚಿತಪಡಿಸಲು ಸಾಧ್ಯವಾಗಿಲ್ಲ ಎಂದೆ. ನಮ್ಮ ಕೆಲಸದಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಎರಡರಲ್ಲಿ ನಿಜ ಯಾವುದೆಂದು ಗೊತ್ತಿದ್ದೂ ಹೇಳಿದ್ದು ಅದೇ ಮೊದಲು.